ಉದ್ದಣ್ಣನ ಬಿಲ್ಲೆ

ಜನವರಿ 9

ದೊಡ್ಡಪ್ಪನಿಗೆ ಕಡ್ಡಿಯ ನಮಸ್ಕಾರ.

ನೀವು ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಟಾರ್ಪಾಲಮ್ಮನ ಅಂಗಡಿಗೆ ಬಂದು ಸೇರಿದೆ. ಇದು ನನ್ನ ನಾಲ್ಕನೇ ಕೆಲಸ. ಬೇಕರಿ, ಪ್ರೆಸ್ಸು, ಬಟ್ಟೆ ಅಂಗಡಿ ಮೂರೂ ಸೇರಿ ಒಂದು ವರ್ಷ ತುಂಬಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬಸ್ಸು ಹತ್ತಿಸುವಾಗಲೂ ಬೈದಳು.

ಇಲ್ಲಿ ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಾರೆ, ಹರಿದದ್ದಕ್ಕೆ ತೇಪೆ ಹಾಕುತ್ತಾರೆ. ನೆಲದ ತುಂಬ ಟಾರ್ಪಾಲು ಹಾಸಿ ಅದರ ಮೇಲೇ ಕೂತು ಕೆಲಸ. ಸೂಜಿ ನನ್ನ ನಡುಬೆರಳಿನಷ್ಟು ಉದ್ದ. ಅದನ್ನು ಒತ್ತಲು ಅಂಗೈಗೆ ಒಂದು ತೊಗಲಿನ ಪಟ್ಟಿ. ಅಂಚಿನಲ್ಲಿ ಹಗ್ಗ ಹೋಗುವ ತೂತಿಗೆ ಹಿತ್ತಾಳೆ ಬಳೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಬೇಕು, ಅದಕ್ಕೆ ಕಣ್ಣು ಅನ್ನುತ್ತಾರೆ. ಎರಡು ದಿನದಲ್ಲಿ ಮೂರು ಕಣ್ಣು ಕೂರಿಸಿದೆ, ಎರಡು ಬೆರಳು ಜಜ್ಜಿಕೊಂಡೆ.

ಬಂದ ದಿನವೇ ಟಾರ್ಪಾಲಮ್ಮ ಕೇಳಿದರು, “ಶಾಲೆ ಯಾಕೆ ಬಿಟ್ಟೆ?”

“ಲೆಕ್ಕ ಬರ್ತಿರಲಿಲ್ಲ.”

“ನಿಮ್ಮಮ್ಮ ಟೈಫಾಯ್ಡ್ ಬಂದಿತ್ತು ಅಂದ್ರಲ್ಲ?”

“ಅದು ನೆಂಟರಿಗೆ ಹೇಳೋದು. ನನಗೆ ಬಂದಿದ್ದು ಹನ್ನೆರಡು ಮಾರ್ಕು.”

ಅವರು ನಕ್ಕರು. “ಕೂತ್ಕೋ. ಬಾಯಲ್ಲಿ ಸುಳ್ಳು ಹೇಳೋರು ಹೊಲಿಗೇಲೂ ಸುಳ್ಳು ಹೇಳ್ತಾರೆ.”

ಅವರ ಗಂಡ ನಿಮ್ಮ ಹಡಗಿನಲ್ಲೇ ಇದ್ದರಂತೆ. ಈ ಸೂಜಿ, ತೊಗಲಿನ ಪಟ್ಟಿ ಅವರದೇ ಅಂತೆ. ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗುವುದಿಲ್ಲ, ದೊಡ್ಡಪ್ಪ. ಫೋನ್ ಮಾಡೋಣವೆಂದರೆ ನಿಮ್ಮ ಕಿವಿ ಎಂಜಿನ್ ರೂಮಿನಲ್ಲೇ ಉಳಿದುಬಿಟ್ಟಿದೆ. ನೀವು ದಡಕ್ಕೆ ಇಳಿದಾಗ ಮಾಡಿದ ಸಾಹಸಗಳನ್ನು ಬರೆದು ಕಳಿಸಿ.

ಕಡ್ಡಿ

ಜನವರಿ 21

ಪ್ರೀತಿಯ ಕಡ್ಡಿ,

ಸಾಹಸ ಕೇಳಿದೆಯಲ್ಲ, ತಗೋ. ನನಗೊಬ್ಬ ಗೆಳೆಯನಿದ್ದ, ಉದ್ದಣ್ಣ. ಹಡಗಿನ ಯಾವ ಬಾಗಿಲೂ ಅವನ ಹಣೆಗೆ ಮುತ್ತು ಕೊಡದೆ ಬಿಟ್ಟಿರಲಿಲ್ಲ. ಒಮ್ಮೆ ಒಂದು ಬಂದರಿನಲ್ಲಿ ಆಮೆಮರಿ ಎಂದು ಯಾರೋ ಅವನಿಗೆ ಬಣ್ಣ ಬಳಿದ ತೆಂಗಿನ ಚಿಪ್ಪು ಮಾರಿದರು. ಎರಡು ದಿನ ಅದಕ್ಕೆ ಎಲೆ ಹಾಕಿದ. “ಹಸಿವಿಲ್ಲ ಪಾಪ, ಹೊಸ ಜಾಗ” ಅಂದ.

ಮುಂದಿನ ಬಂದರಿನಲ್ಲಿ ಬಿಸಿಲು ಎಂದರೆ ಎಂಥ ಬಿಸಿಲು! ಹಡಗುಕಟ್ಟೆಯ ಡಾಂಬರು ಕರಗಿ, ನಡೆದರೆ ಯಾರೋ ಹಿಂದಿನಿಂದ ಬೂಟು ಹಿಡಿದೆಳೆದ ಹಾಗೆ. ನಮಗೆ ಅರ್ಧ ದಿನ ರಜೆ. ಮರದ ಕೆಳಗೆ ಒಂದು ಕ್ಷೌರದ ಅಂಗಡಿ, ಅಲ್ಲೊಂದು ಗಿಳಿ. ಮೀಸೆ ಸ್ವಲ್ಪ ಕತ್ತರಿಸು ಎಂದು ಮೂಗಿನ ಕೆಳಗೆ ಬೆರಳು ಎಳೆದು ತೋರಿಸಿದೆ. ನಮ್ಮ ಮಾತು ಅವನಿಗೆ ಬಾರದು, ಅವನದು ನಮಗೆ ಬಾರದು. ಅವನು ನೊರೆ ಮೆತ್ತಿದವನೇ ಒಂದು ಕಡೆ ಪೂರಾ ಬೋಳಿಸಿಬಿಟ್ಟ. ಅಷ್ಟರಲ್ಲಿ ಹಡಗಿನ ಕೂಗು! ಅರ್ಧ ಮೀಸೆ, ಮುಖದ ತುಂಬ ನೊರೆ, ಕೊರಳಲ್ಲಿ ಕ್ಷೌರಿಕನ ಬಟ್ಟೆ. ಸಂತೆಯ ನಡುವೆ ನಾವಿಬ್ಬರೂ ಬಿದ್ದಂಬೀಳ ಓಡಿದೆವು. ಕಟ್ಟೆಗೆ ಬಂದು ನೋಡಿದರೆ ಹಡಗು ತಣ್ಣಗೆ ಮೂಟೆ ತುಂಬಿಕೊಳ್ಳುತ್ತಿದೆ. ಕೂಗಿದ್ದು ಗಿಳಿ! ಬಂದರಿನ ಗಿಳಿ, ಹಡಗಿನ ಕೂಗು ಕಲಿತಿತ್ತು. ತಿರುಗಿ ಹೋಗಿ ಉಳಿದರ್ಧ ಮೀಸೆಯನ್ನೂ ಒಪ್ಪಿಸಿ ಬಂದೆ. ಟೋಪಿ ಅಲ್ಲೇ ಮರೆತೆ.

ಹಡಗಿನ ಏಣಿಯ ತುದಿಯಲ್ಲಿ ಒಂದು ಹಲಗೆ ಇರುತ್ತಿತ್ತು. ಅದರಲ್ಲಿ ಪ್ರತಿಯೊಬ್ಬನಿಗೂ ನಂಬರಿನ ಬಿಲ್ಲೆ, ಒಂದು ಮುಖ ಕೆಂಪು, ಇನ್ನೊಂದು ಬಿಳಿ. ಇಳಿಯುವಾಗ ಕೆಂಪಿಗೆ ತಿರುಗಿಸಬೇಕು, ಹತ್ತಿದ ಮೇಲೆ ಬಿಳಿಗೆ. ಎಲ್ಲವೂ ಬಿಳಿಯಾದರೆ ಏಣಿ ಎತ್ತುತ್ತಾರೆ. ನನ್ನದು ಹದಿನಾಲ್ಕು, ಅವನದು ಹದಿನೈದು. ನಾನು ಏದುಸಿರು ಬಿಡುತ್ತಾ ಹತ್ತಿ ನೋಡಿದರೆ ಹದಿನೈದು ಆಗಲೇ ಬಿಳಿ. ಉದ್ದ ಕಾಲಿನ ಪುಣ್ಯಾತ್ಮ, ಮೊದಲೇ ಬಂದು ಗೊರಕೆ ಹೊಡೆಯುತ್ತಿದ್ದ!

ಹೇಗಿದೆ?

ದೊಡ್ಡಪ್ಪ

ಫೆಬ್ರವರಿ 2

ದೊಡ್ಡಪ್ಪನಿಗೆ,

ನಿಮ್ಮ ಕಾಗದವನ್ನು ಟಾರ್ಪಾಲಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸೂಜಿ ನೋಡಿ ನೋಡಿ ಅವರ ಕಣ್ಣು ಸೋತಿವೆ. ಆಮೆಗೆ ಎಲೆ ಹಾಕಿದ್ದು ಬಂದಾಗ ಅವರು ಕೆಲಸ ಬಿಟ್ಟು ನಕ್ಕರು. ಅವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. “ಇದು ನಮ್ಮವರೇ ಕಣೇ. ಎಲೆ ಹಾಕೋ ಜನಾನೇ” ಅಂದರು.

ಬಿಲ್ಲೆಯ ಭಾಗ ಓದಿದಾಗ ನಗು ನಿಂತಿತು. “ಮೀಸೆ ಬೋಳಿಸಿಕೊಂಡ ಬಂದರು ಅಂದ್ಯಾ? ಇನ್ನೊಂದ್ಸಲ ಓದು.”

ಓದಿದೆ.

“ನಿಮ್ಮ ದೊಡ್ಡಪ್ಪ ನಮ್ಮವರ ಪೆಟ್ಟಿಗೆ ತಂದುಕೊಟ್ಟಾಗ ಮೀಸೆ ಆಗಷ್ಟೇ ಚಿಗುರುತ್ತಿತ್ತು. ಮೊದಲು ನನಗೆ ಗುರುತೇ ಸಿಗಲಿಲ್ಲ. ಅಂದ್ರೆ ಇವರು ಕಾಣೆಯಾದದ್ದು ಅದೇ ಬಂದರು, ಅದೇ ದಿನ.”

ಆಮೇಲೆ ತಾವಾಗಿಯೇ ಹೇಳಿದರು. ಮೂವತ್ತೊಂದು ವರ್ಷದ ಹಿಂದೆ ಕಂಪನಿಯಿಂದ ಒಂದು ಸಾಲಿನ ಚೀಟಿ ಬಂತಂತೆ, ದಡದಲ್ಲಿ ಓಡಿಹೋದ ಎಂದು. ಚೀಟಿಗಿಂತ ಮೊದಲೇ ಸುದ್ದಿ ಬಂದಿತ್ತಂತೆ, ಬಾಳೆಹಣ್ಣು ಮಾರುವವಳ ಹಿಂದೆ ಹೋದ ಎಂದು. ಈಗಲೂ ಹೊಸ ಲಾರಿಯವರು ಬೀದಿಯ ಕೊನೆಯಲ್ಲಿ ನಿಂತು, “ಓಡಿಹೋದವನ ಹೆಂಡತಿ ಅಂಗಡಿ ಎಲ್ಲಿ?” ಎಂದೇ ವಿಳಾಸ ಕೇಳುತ್ತಾರೆ. ನಾನೇ ಎರಡು ಸಲ “ಇದೇ” ಅಂದಿದ್ದೇನೆ. ಗೊತ್ತಿಲ್ಲದೆ ಅಂದದ್ದು, ಆದರೂ ಅಂದದ್ದು ನಾನೇ.

ದೊಡ್ಡಪ್ಪ, ಬಿಲ್ಲೆ ಬಿಳಿಯಾಗಿದ್ದರೆ ಅವರು ಹಡಗಿನಲ್ಲಿದ್ದರು. ಹಡಗಿನಲ್ಲಿದ್ದವರು ದಡದಲ್ಲಿ ಓಡಿಹೋದದ್ದು ಹೇಗೆ? ನನಗೆ ಲೆಕ್ಕ ಬರುವುದಿಲ್ಲ, ನಿಜ. ಇಷ್ಟು ಬರುತ್ತದೆ.

ಕಡ್ಡಿ

ಫೆಬ್ರವರಿ 11

ಕಡ್ಡಿ,

ಗಟ್ಟಿಯಾಗಿ ಓದು ಎಂದು ನಿನಗೆ ಯಾರು ಹೇಳಿದರು? ನಿನ್ನ ಹೊತ್ತು ಹೋಗಲಿ ಎಂದು ಬರೆದದ್ದು. ಮುದುಕನ ನೆನಪು, ಒಂದು ಬಂದರಿನದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಅವನು ಬಾಳೆಹಣ್ಣಿನವಳ ಜೊತೆ ಹೋದದ್ದು ಹಡಗಿಗೆ ಹಡಗೇ ಬಲ್ಲದು. ಕೆದಕಬೇಡ. ಹೊಲಿಗೆ ಕಲಿಯಲು ಕಳಿಸಿದ್ದೇನೆ, ಹೊಲಿಗೆ ಕಲಿ.

ದೊಡ್ಡಪ್ಪ

ಫೆಬ್ರವರಿ 19

ದೊಡ್ಡಪ್ಪನಿಗೆ,

ನಿಮ್ಮ ಕಾಗದವನ್ನು ಅವರಿಗೆ ಓದಲಿಲ್ಲ. ದಿನಾ ಪೋಸ್ಟಿನವನು ಬಂದು ಹೋದ ಮೇಲೆ ಅವರು “ಬಂತಾ?” ಎಂದು ಕೇಳುತ್ತಾರೆ. “ಇಲ್ಲಮ್ಮಾ” ಅಂದೆ. ಕಾಗದ ನನ್ನ ದಿಂಬಿನ ಕೆಳಗಿದೆ. ಈ ಅಂಗಡಿಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ನಂಬಿದರು. ಅದೇ ಕಷ್ಟವಾಗುತ್ತಿದೆ.

ಗಿಳಿಯ ಕೂಗು, ಡಾಂಬರು ಅಂಟಿದ ಬೂಟು ಎಲ್ಲ ನೆನಪಿರುವವರಿಗೆ ಗೆಳೆಯ ಹಡಗು ಹತ್ತಿದನೋ ಇಲ್ಲವೋ ನೆನಪಿಲ್ಲ ಅಂದರೆ ನಾನು ನಂಬುವುದಿಲ್ಲ. ಎರಡರಲ್ಲಿ ಒಂದು ಸುಳ್ಳು, ಅಥವಾ ಎರಡೂ ಸುಳ್ಳು. ನೀವು ನನ್ನನ್ನು ಇಲ್ಲಿಗೆ ಕಳಿಸಿದ್ದು ಹೊಲಿಗೆ ಕಲಿಯಲಿಕ್ಕಾ, ಇವರು ಹೇಗಿದ್ದಾರೆ ನೋಡಲಿಕ್ಕಾ?

ಇವರು ಹೇಗಿದ್ದಾರೆ ಎಂದರೆ, ದಿನಾ ಬೆಳಿಗ್ಗೆ ದಾರಕ್ಕೆ ಮೇಣ ಉಜ್ಜುವಾಗ ಗಂಡನನ್ನು ಬೈಯುತ್ತಾರೆ. ಅವರು ಬದುಕಿದ್ದಾರೆ, ಎಲ್ಲೋ ಮಕ್ಕಳು ಮರಿ ಮಾಡಿಕೊಂಡು ಸುಖವಾಗಿದ್ದಾರೆ ಎಂದುಕೊಂಡೇ ಬೈಯುತ್ತಾರೆ.

ಕಡ್ಡಿ

ಮಾರ್ಚ್ 14

ದೊಡ್ಡಪ್ಪನಿಗೆ,

ಮೂರು ವಾರ ಕಳೆಯಿತು. ನಿಮ್ಮಿಂದ ಏನೂ ಇಲ್ಲ. ದಿಂಬಿನ ಕೆಳಗಿನ ಕಾಗದವನ್ನು ನಿನ್ನೆ ಅವರಿಗೆ ಓದಿಬಿಟ್ಟೆ, ಬಚ್ಚಿಟ್ಟದ್ದನ್ನೂ ಹೇಳಿದೆ. ನನ್ನ ಕಡೆ ನೋಡಲಿಲ್ಲ. “ಇನ್ಮೇಲೆ ಬಚ್ಚಿಡಬೇಡ” ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇಂದು ಅವರು ಗಂಡನನ್ನು ಬೈಯಲಿಲ್ಲ. ಸುಮ್ಮನೆ ಮೇಣ ಉಜ್ಜಿದರು.

ಕಡ್ಡಿ

ಏಪ್ರಿಲ್ 2

ಕಡ್ಡಿ,

ಇದನ್ನು ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ. ಅತ್ತಿಗೆ ಎಂದು ಕರೆಯುವ ಮುಖ ನನಗಿಲ್ಲ. ಅವರು ಕೇಳಿಸಿಕೊಳ್ಳಲಿ, ಮುಂದಿನದೆಲ್ಲ ಅವರಿಗೇ.

ಕ್ಷೌರ ಮುಗಿಸಿ ನಾವಿಬ್ಬರೂ ಹಡಗಿನ ಕಡೆ ಹೊರಟೆವು. ಬಂದರಿನ ಗೇಟಿನ ಹತ್ತಿರ ಬಂದಾಗ ನನ್ನ ಟೋಪಿ ಇಲ್ಲ. “ನಿನ್ನ ಗಿಡ್ಡ ಕಾಲಿಗೆ ಅರ್ಧ ಗಂಟೆ ಬೇಕು, ನಾನು ಹೋಗಿ ತರ್ತೀನಿ” ಎಂದು ಉದ್ದಣ್ಣ ತಿರುಗಿ ಓಡಿದ. ನನ್ನ ಟೋಪಿಗೆ ಹೋದವನು.

ಮೂರೂವರೆಯೊಳಗೆ ಹಡಗು ಹತ್ತಬೇಕಿತ್ತು. ಮೂರು ಸಲ ತಡವಾದರೆ ಮುಂದಿನ ಬಂದರಿನಲ್ಲಿ ಇಳಿಯುವ ಹಾಗಿಲ್ಲ. ಅವನಿಗೆ ಆಗಲೇ ಎರಡಾಗಿತ್ತು. ಒಬ್ಬರಿಗೊಬ್ಬರು ಬಿಲ್ಲೆ ತಿರುಗಿಸಿಕೊಡುವುದು ನಮ್ಮಲ್ಲಿ ಇದ್ದದ್ದೇ. ಅವನು ನನಗೆ ಎಷ್ಟೋ ಸಲ ಮಾಡಿದ್ದ. ಹದಿನಾಲ್ಕನ್ನು ತಿರುಗಿಸಿದೆ, ಹದಿನೈದನ್ನೂ ತಿರುಗಿಸಿದೆ. ಐದು ನಿಮಿಷದಲ್ಲಿ ಬರುತ್ತಾನೆ ಎಂದುಕೊಂಡು ಕೆಳಗಿಳಿದು ಎಂಜಿನ್‌ಗೆ ಎಣ್ಣೆ ಹಾಕಲು ನಿಂತೆ. ಎಲ್ಲ ಬಿಲ್ಲೆಯೂ ಬಿಳಿಯಾಗಿತ್ತು. ಏಣಿ ಎತ್ತಿದರು. ಹಡಗು ನಾಲ್ಕಕ್ಕೆ ಕೂಗಿತು. ಅವನು ಗಿಳಿ ಅಂದುಕೊಂಡನೇನೋ. ಗೊತ್ತಿಲ್ಲ.

ಎರಡು ಗಂಟೆ ಕಳೆದು ಮೇಲೆ ಬಂದಾಗ ಅವನ ಹಾಸಿಗೆ ಖಾಲಿ. ದಡ ಇನ್ನೂ ಕಾಣುತ್ತಿತ್ತು. ಬಂದರಿನ ದೋಣಿಗೆ ಸುದ್ದಿ ಕಳಿಸಬಹುದಿತ್ತು. ಅಧಿಕಾರಿ ಬಂದು, “ಏ ಹದಿನಾಲ್ಕು, ಹದಿನೈದನ್ನು ನೋಡಿದೆಯಾ?” ಎಂದು ಕೇಳಿದ. ಬೇರೆಯವನ ಬಿಲ್ಲೆ ಮುಟ್ಟಿದವನಿಗೆ ಕೆಲಸ ಹೋಗುತ್ತಿತ್ತು. “ಮಲಗಿದ್ದಾನೆ ಸರ್” ಅಂದೆ.

ಮರುದಿನ ಅವನಿಲ್ಲವೆಂದು ಎಲ್ಲರಿಗೂ ತಿಳಿದಾಗ, ಮಲಗಿರಬೇಕು ಅಂದುಕೊಂಡೆ ಎಂದು ಮಾತು ತಿರುಗಿಸಿದೆ. ಹಡಗು ಹೊರಡುವ ಮುಂಚೆ ಕದ್ದು ಇಳಿದಿರಬೇಕು ಎಂದು ಅವನ ಹೆಸರಿನ ಮುಂದೆ ‘ಓಡಿಹೋದ’ ಎಂದು ಬರೆದರು. ಊಟಕ್ಕೆ ಕೂತಾಗ ಎಲ್ಲರೂ ನನ್ನನ್ನೇ ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಆಗ ಬಾಳೆಹಣ್ಣಿನವಳು ನನ್ನ ಬಾಯಿಂದ ಹುಟ್ಟಿದಳು. ಅಂಥವಳು ಯಾರೂ ಇರಲಿಲ್ಲ. ಬುಟ್ಟಿ, ನಡಿಗೆ, ಉದ್ದಣ್ಣ ಬುಟ್ಟಿ ಹೊತ್ತುಕೊಂಡು ಹಿಂದೆ ಹೋದದ್ದು ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನಿಮ್ಮ ಬೀದಿಗೆ ನನಗಿಂತ ಮೊದಲೇ ಬಂದು ಮುಟ್ಟಿತು.

ಮೂರು ವಾರದ ಮೇಲೆ ಪೆಟ್ಟಿಗೆ ತಂದುಕೊಟ್ಟೆ. ನೀವು ನೀರು ಕೊಟ್ಟಿರಿ. “ನಿಜ ಹೇಳಿ, ಏನಾಯ್ತು?” ಎಂದು ಕೇಳಿದಿರಿ. “ನನಗೇನೂ ಗೊತ್ತಿಲ್ಲ” ಅಂದೆ. ಆ ದಿನ ಅವನು ಬದುಕಿದ್ದ. ನಾನು ಬಾಯಿ ಬಿಟ್ಟಿದ್ದರೆ ಕರೆತರಬಹುದಿತ್ತು.

ಏಳು ತಿಂಗಳ ಮೇಲೆ ಹಡಗು ಮತ್ತೆ ಅಲ್ಲಿಗೆ ಹೋಯಿತು. ಕ್ಷೌರಿಕ ನನ್ನನ್ನು ಗುರುತು ಹಿಡಿದ. ಕೈ ಮೇಲೆತ್ತಿ ಉದ್ದದವನು ಎಂದು ತೋರಿಸಿದ. ಅಂಗಡಿಯ ಮುಂದಿನ ಕಟ್ಟೆ ತೋರಿಸಿ, ಕೆನ್ನೆ ಅಂಗೈ ಮೇಲಿಟ್ಟು, ಇಲ್ಲಿ ಮಲಗುತ್ತಿದ್ದ ಅಂದ. ಹಡಗಿನ ಹಾಗೆ ಕೂಗಿ, ಎರಡು ಬೆರಳನ್ನು ಕಾಲಿನ ಹಾಗೆ ಓಡಿಸಿದ. ಪ್ರತಿ ಹಡಗಿಗೂ ಓಡುತ್ತಿದ್ದನಂತೆ. ಮೂರು ಬೆರಳು ತೋರಿಸಿದ, ಮೂರನೇ ತಿಂಗಳು. ಮೈ ನಡುಗಿಸಿ ಜ್ವರ ಅಂದ. ಮೇಲೆತ್ತಿದ್ದ ಕೈಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ.

ಆಸ್ಪತ್ರೆಯ ಹಿಂದೆ ಹೂತಿದ್ದರು. ಒಂದು ಗೂಟ, ಅದರ ಮೇಲೆ ಒಂದು ನಂಬರು, ಹೆಸರಿಲ್ಲ. ಕ್ಷೌರಿಕ ನನ್ನ ಟೋಪಿ ತೆಗೆದುಕೊಟ್ಟ, ಒಗೆದು ಇಟ್ಟಿದ್ದ. ಅದನ್ನು ಸಮುದ್ರಕ್ಕೆ ಎಸೆದೆ. ಇದನ್ನು ಹೇಳದೆ ಇರಬಹುದಿತ್ತು, ಕಡ್ಡಿ ಬಿಡುವುದಿಲ್ಲ.

ಗಿಳಿಯ ಕಥೆಯನ್ನು ಮೂವತ್ತೊಂದು ವರ್ಷದಿಂದ ಹೇಳುತ್ತಿದ್ದೇನೆ. ನನ್ನ ಕಥೆಯಲ್ಲಿ ಅವನು ಪ್ರತಿ ಸಲವೂ ಹಡಗು ಹತ್ತುತ್ತಾನೆ. ಹೇಳುತ್ತಾ ಹೇಳುತ್ತಾ ಹಾಗೇ ಆಯಿತು ಎಂದು ನನಗೇ ಅನಿಸುತ್ತಿತ್ತು.

ಏಪ್ರಿಲ್ 10

ದೊಡ್ಡಪ್ಪನಿಗೆ,

ಓದಿದೆ. ಒಂದು ಸಾಲೂ ಬಿಡಲಿಲ್ಲ. ಕ್ಷೌರಿಕ ಕೈ ಇಳಿಸಿದ ಕಡೆ ನಿಲ್ಲಿಸಿ, ನೀರು ಕುಡಿದು ಮತ್ತೆ ಓದಿದೆ.

“ಮೂರನೇ ತಿಂಗಳು ಅಂದ್ಯಾ?” ಎಂದು ಕೇಳಿದರು.

“ಹೌದಮ್ಮಾ.”

“ಆ ತಿಂಗಳೇ ಅವರ ಅಂಗಿಗಳನ್ನೆಲ್ಲ ಬೀದಿಗೆ ತಂದು ಸುಟ್ಟೆ. ಕೈಕಾಲು ಬಿದ್ದುಹೋಗ್ಲಿ ಅಂತ ಎಲ್ಲರ ಎದುರಿಗೆ ಶಾಪ ಹಾಕಿದೆ.”

ಅವರು ಸುತ್ತಿಗೆ ತೆಗೆದುಕೊಂಡು ಕಣ್ಣು ಕೂರಿಸಲು ಕೂತರು. ಹದಿನಾಲ್ಕು ಕೂರಿಸಿದರು, ಹದಿನಾಲ್ಕೂ ಸೊಟ್ಟ. ಅವರು ಒಳಗೆ ಹೋದ ಮೇಲೆ ನಾನು ಒಂದೊಂದಾಗಿ ಕಿತ್ತೆ.

ಇಂದು ಬೆಳಿಗ್ಗೆ ಕರೆದು ಬರೆಸಿದರು. ಅವರ ಮಾತನ್ನು ಹಾಗೇ ಬರೆಯುತ್ತಿದ್ದೇನೆ:

“ಅಳೋದು ಕರೆಯೋದು ನನ್ನ ಕೆಲಸ, ಅದು ನಿನಗೆ ಬೇಡ. ಅವರ ಹೆಸರಿಗೆ ಮಸಿ ಬಳಿದದ್ದು ನಿನ್ನ ಬಾಯಿ. ಆ ಬಾಯೇ ಬಂದು ತೊಳೀಲಿ. ಈ ಬೀದೀಲಿ ಇಪ್ಪತ್ತಾರು ಮನೆ ಇದೆ. ಒಂದೊಂದು ಮನೆ ಬಾಗಿಲಲ್ಲೂ ನಿಂತು ಹೇಳಬೇಕು, ಅವನು ಓಡಿಹೋಗಲಿಲ್ಲ, ನಾನು ಬಿಟ್ಟು ಬಂದೆ ಅಂತ. ನಮ್ಮನೇಲಿ ಊಟ ಹಾಕ್ತೀನಿ. ಕ್ಷಮೆ ಮಾತ್ರ ಕೇಳಬೇಡ, ನನ್ನ ಹತ್ರ ಇಲ್ಲ.”

ಬರುತ್ತೀರಾ?

ಕಡ್ಡಿ

ಮೇ 3

ಕಡ್ಡಿ,

ನಿಮ್ಮ ಬೀದಿಗೆ ಬಂದವನು ಕೆಲಸ ಅರ್ಧಕ್ಕೇ ಬಿಟ್ಟು, ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಊರಿಗೆ ಹೊರಟು ಬಂದುಬಿಟ್ಟೆ. ಯಾಕೆಂದು ನೀನು ಕೇಳುವ ಮುಂಚೆ ನಾನೇ ಬರೆಯುತ್ತೇನೆ.

ಮೊದಲ ಮನೆ ಟೈಲರನದು. ಬಾಗಿಲಲ್ಲಿ ನಿಂತಾಗ ನಾಲಗೆ ಮೇಲೇಳಲಿಲ್ಲ. ನೀನು ನೋಡಿದೆ. ಎರಡನೆಯ ಮನೆಯಲ್ಲಿ ಮುದುಕಿಯೊಬ್ಬಳು ಕೇಳಿ ಬಾಗಿಲು ಹಾಕಿಕೊಂಡಳು. ಮೂರು, ನಾಲ್ಕು ಕಷ್ಟದಲ್ಲೇ ಆಯಿತು. ಅದು ಸರಿಯಾಗಿತ್ತು.

ಆರನೆಯ ಮನೆಗೆ ಬರುವ ಹೊತ್ತಿಗೆ ದನಿ ಬಿಸಿಯಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಗ್ಗಿಸಬೇಕು ತಾನಾಗಿ ಬರತೊಡಗಿತು. ಒಂಬತ್ತನೆಯದು ಲಾರಿ ಡ್ರೈವರನ ಮನೆ. ಅಂಗಳದಲ್ಲಿ ಹತ್ತು ಹನ್ನೆರಡು ಜನ. “ಕೂತ್ಕೊಳ್ಳಿ ಯಜಮಾನ್ರೇ” ಎಂದು ಕುರ್ಚಿ ಹಾಕಿದರು. ಕೂತೆ. ಅರ್ಧ ಮೀಸೆಯಲ್ಲಿ ಓಡಿದ್ದು ಬಂದಾಗ ನಕ್ಕರು. ನನ್ನ ಕಿವಿಗೆ ಮಾತು ಕೇಳದಿದ್ದರೂ ನಗು ಈಗಲೂ ಕೇಳುತ್ತದೆ. ಇನ್ನೊಂದು ಸಲ ನಗಲಿ ಎಂದು ಗಿಳಿಯ ಹಾಗೆ ಕೂಗಿ ತೋರಿಸಿದೆ. ಹೇಳಲು ಬಂದದ್ದೇನು ಎಂಬುದು ಅಷ್ಟು ಹೊತ್ತು ನನಗೆ ಮರೆತೇಹೋಗಿತ್ತು. ಸುಖವಾಗಿತ್ತು, ಕಡ್ಡಿ. ಅದೇ ನಿಜ.

ತಲೆ ಎತ್ತಿದರೆ ಗೇಟಿನ ಹತ್ತಿರ ಅತ್ತಿಗೆ ನಿಂತಿದ್ದರು. ಕೈಯಲ್ಲಿ ಇಕ್ಕಳ. ತಿರುಗಿ ಹೊರಟುಹೋದರು.

ಗೆಳೆಯ ಸತ್ತದ್ದನ್ನು ಹೇಳಲು ಹೋಗಿ ಅಲ್ಲೂ ಚಪ್ಪಾಳೆ ಗಿಟ್ಟಿಸಿದವನು ನಾನು. ಇನ್ನು ಯಾವ ಮುಖ ಹೊತ್ತು ಬರಲಿ? ನನ್ನನ್ನು ಬಿಟ್ಟುಬಿಡಿ.

ದೊಡ್ಡಪ್ಪ

ಮೇ 9

ದೊಡ್ಡಪ್ಪನಿಗೆ,

ಲಾರಿ ಡ್ರೈವರನ ಅಂಗಳದಲ್ಲಿ ನಾನೂ ಇದ್ದೆ. ನೀವು ಗಿಳಿಯ ಹಾಗೆ ಕೂಗಿದಾಗ ನಾನೂ ನಕ್ಕೆ. ಮುಂದೇನಾಗುತ್ತದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಆದರೂ ನಕ್ಕೆ. ನೀವು ಅದನ್ನು ನೋಡಲಿಲ್ಲ. ಟಾರ್ಪಾಲಮ್ಮ ನೋಡಿದರು. ಹಾಗಾಗಿ ನಿಮ್ಮೊಬ್ಬರನ್ನೇ ಬೈಯುವ ಹಕ್ಕು ನನಗಿಲ್ಲ.

ನೀವು ಹೋದ ಮೂರನೇ ದಿನ ನಾನೇ ಅವರನ್ನು ಕೇಳಿದೆ, “ಅಮ್ಮಾ, ಉಳಿದ ಮನೆಗಳಿಗೆ ನಾನು ಹೋಗಿ ಹೇಳಲಾ?”

“ನೀನು ಹೇಳಿದ್ರೆ ಸಣ್ಣ ಹುಡುಗಿ, ಯಾರೋ ಹೇಳಿಕೊಟ್ಟಿದಾರೆ ಅಂತಾರೆ. ನಾನು ಹೇಳಿದ್ರೆ ಗಂಡನ ಮೇಲಿನ ಆಸೆ ಇನ್ನೂ ಹೋಗಿಲ್ಲ ಅಂತಾರೆ. ಅವನು ಹೇಳಿದ್ರೆ ನಂಬ್ತಾರೆ. ಆವತ್ತು ಸುಳ್ಳು ಹೇಳಿದಾಗಲೂ ನಂಬಿದ್ರಲ್ಲ. ಆ ಹಾಳು ಬಾಯಿಗೆ ನಂಬಿಸೋದೊಂದು ಬರುತ್ತೆ.”

“ಅವರು ಮತ್ತೆ ಹಾಗೇ ಮಾಡಿದ್ರೆ?”

“ಮಾಡ್ತಾನೆ. ಹುಟ್ಟುಗುಣ ಎಲ್ಲಿಗೆ ಹೋಗುತ್ತೆ? ಪಕ್ಕದಲ್ಲಿ ನೀನು ನಿಂತ್ಕೋ.”

ಇನ್ನು ಹದಿನೇಳು ಮನೆಗಳಿವೆ. ಅದಕ್ಕೂ ಮೊದಲು ಡ್ರೈವರನ ಮನೆಗೆ ಮತ್ತೆ ಹೋಗಬೇಕಂತೆ, ಅಂದು ಇದ್ದವರೆಲ್ಲ ಇರುವಾಗಲೇ. ಕುರ್ಚಿ ಹಾಕಿದರೂ ಕೂರುವ ಹಾಗಿಲ್ಲ. ನಾನು ನಿಮ್ಮ ಪಕ್ಕದಲ್ಲಿ ಇರುತ್ತೇನೆ. ನೀವು ನಗಿಸಲು ಹೊರಟರೆ ಎಲ್ಲರ ಎದುರಿಗೇ ನಿಲ್ಲಿಸುತ್ತೇನೆ. ಮಾತು ಕಿವಿಗೆ ಬೀಳದಿದ್ದರೆ ಕೈ ಹಿಡಿದು ಎಳೆಯುತ್ತೇನೆ. ನನಗೆ ನಗು ಬಂದರೆ ನೀವು ನನ್ನ ಕೈ ಎಳೆಯಿರಿ.

ಶನಿವಾರದ ಬಸ್ಸಿನ ಹೊತ್ತಿಗೆ ನಾನು ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ನೀವು ಇಳಿಯದಿದ್ದರೆ ಭಾನುವಾರದ ಬಸ್ಸಿಗೂ ಬಂದು ಕಾಯುತ್ತೇನೆ.

ಕಡ್ಡಿ